ಕೆಂಪು ಬಟ್ಟೆಯ ಕಡ್ಡಿಗಳು

ಒಂದು ಗಿಡದ ಹೆಸರು ಪತ್ತೆ ಮಾಡಬೇಕಾದರೆ ಹೂವಿನ ಫೋಟೋ ಒಂದೇ ಸಾಲದು. ಎಲೆ, ಮೊಗ್ಗು, ಕಾಯಿ ಎಲ್ಲವೂ ಬೇಕು. ಅದಕ್ಕಾಗಿ ಅದೇ ಗಿಡದ ಹತ್ತಿರ ವಾರವಾರ ಹೋಗಬೇಕು. ಜೂನ್ ಮೊದಲ ಭಾನುವಾರ, ತಮಿಳುನಾಡಿನ ಗಡಿಯೊಳಗಿನ ಗುಮ್ಮಳಾಪುರದ ಕಡೆಯ ಒಂದು ಬೀಳು ಹೊಲದಲ್ಲಿ ನಾನು ಹನ್ನೊಂದು ಗಿಡಗಳನ್ನು ಗೊತ್ತು ಮಾಡಿಕೊಂಡೆ. ಎಲ್ಲವೂ ಬೆರಳುದ್ದದವು. ಹುಲ್ಲು ಬೆಳೆದರೆ ಮತ್ತೆ ಸಿಗಲಾರವು ಎಂದು ಒಂದೊಂದರ ಪಕ್ಕದಲ್ಲೂ ಬಿದಿರು ಕಡ್ಡಿ ನೆಟ್ಟು, ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ನಂಬರು ಬರೆದೆ. ಹೊಲ ಯಾರದೆಂದು ಕೇಳಲಿಲ್ಲ, ಬೇಲಿಯಿರಲಿಲ್ಲ.

ಮೂರನೆಯ ಭಾನುವಾರ ಏಳನೆಯ ಗಿಡದ ಮುಂದೆ ಮೊಣಕಾಲೂರಿ ಕೂತಿದ್ದೆ. ವಿಷ್ಣುಕ್ರಾಂತಿಯಷ್ಟೇ ಚಿಕ್ಕದು, ಹೂ ಮಾತ್ರ ಹಳದಿ. ನನ್ನ ಬಳಿಯಿದ್ದ ಯಾವ ಪುಸ್ತಕದಲ್ಲೂ ಅದು ಸಿಕ್ಕಿರಲಿಲ್ಲ. ಕ್ಯಾಮೆರಾದ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಒಬ್ಬ ಹೆಂಗಸು, ಕೈಯಲ್ಲಿ ಕುಡುಗೋಲು. ಹಿಂದೆ ಅವಳ ಗಂಡ. ಅವನ ಮುಷ್ಟಿಯಲ್ಲಿ ನನ್ನ ನಾಲ್ಕು ಕಡ್ಡಿಗಳಿದ್ದವು.

“ಯಾರು ನೀಂಗ? ಸರ್ವೆ ಆಫೀಸಾ?” ಆಫೀಸಿನವರನ್ನು ತಮಿಳಿನಲ್ಲೇ ಕೇಳಬೇಕೆಂದು ಅವನ ಲೆಕ್ಕವಿರಬೇಕು.

“ಯಾವ ಆಫೀಸೂ ಅಲ್ಲ ಅಣ್ಣ. ಹೊಸೂರಿಂದ ಬಂದಿದೀನಿ. ಗಿಡದ ಫೋಟೋ ತೆಗೀತಿದೀನಿ.”

“ಗಿಡುಕ್ಕೆ ಯಾರಾದ್ರೂ ನಂಬರ್ ಹಾಕ್ತಾರಾ?” ಎಂದಳು ಹೆಂಗಸು. “ಪಕ್ಕದೂರಾಗೂ ಮೊದ್ಲು ಹಿಂಗೇ ಕೆಂಪು ಬಟ್ಟೆ ಕಟ್ಟುದ್ರು. ಕೇಳುದ್ರೆ ಏನಿಲ್ಲ ಅಂದ್ರು. ಆಮೇಕೆ ಟೇಪು ಬಂತು, ಆಮೇಕೆ ನೋಟೀಸು ಬಂತು. ಈಗ ಅಲ್ಲಿ ಕಾಂಪೌಂಡು ಎದ್ದೈತೆ. ನಿಜ ಹೇಳು ಅಮ್ಮಣ್ಣಿ, ಯಾವ ಫ್ಯಾಕ್ಟ್ರಿ ಬತ್ತೈತೆ ನಮ್ ಹೊಲುಕ್ಕೆ?”

ದಾರಿಬದಿಯಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರಿನಲ್ಲೇ ಬಿಟ್ಟಿದ್ದ ಕೀ ಅವನ ಬೆರಳಲ್ಲಿ ತೂಗುತ್ತಿತ್ತು. ಕ್ಯಾಮೆರಾ ಅವರ ಮುಂದೆ ಹಿಡಿದು ಒಂದೊಂದೇ ಚಿತ್ರ ಸರಿಸಿದೆ. ಎಲೆ, ಮೊಗ್ಗು, ಮೊಗ್ಗಿನ ಮೇಲೊಂದು ಹುಳ, ಮತ್ತೆ ಎಲೆ. ಹೆಂಗಸಿನ ಹುಬ್ಬು ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ಇಡೀ ಹೊಲದ ಚಿತ್ರ ಬಂತು: ಬೋರ್‌ವೆಲ್, ಅವರ ಮನೆ, ನಡುವೆ ನನ್ನ ಕೆಂಪು ಚೂರುಗಳು.

“ಇದ್ಯಾಕೆ?” ಅವನು ಈಗ ಕನ್ನಡಕ್ಕೆ ಬಂದಿದ್ದ.

“ಜಾಗ ನೆನಪಿರ್ಲಿ ಅಂತ.”

ಆ ಉತ್ತರ ಹೇಗೆ ಕೇಳಿಸಿತೆಂದು ನನಗೇ ಗೊತ್ತಾಯಿತು. ಅವರೆದುರೇ ಆ ಚಿತ್ರ ಅಳಿಸಿದೆ.

“ದನಾನೂ ಮೂಸಲ್ಲ ಇದ್ನ,” ಎಂದು ಹೆಂಗಸು ಹಳದಿ ಹೂವನ್ನು ಗಂಡನಿಗೆ ತೋರಿಸಿದಳು. “ಇದುಕ್ಕೆ ಪೆಟ್ರೋಲು ಸುಟ್ಕೊಂಡು ಬಂದವ್ಳೆ ನೋಡು.”

ಅವನು ನಗಲಿಲ್ಲ. “ಎಲ್ಲಾನೂ ಕೀಳ್ಲಿ, ಮೊದ್ಲು.”

ಉಳಿದ ಏಳನ್ನೂ ಕಿತ್ತು, ಅವನ ಕೈಯಲ್ಲಿದ್ದ ನಾಲ್ಕನ್ನು ಸೇರಿಸಿ, ಹನ್ನೊಂದನ್ನೂ ಅವರ ಮುಂದೆ ಎಣಿಸಿ ಬ್ಯಾಗಿಗೆ ಹಾಕಿಕೊಂಡೆ. ಹೆಂಗಸು ನನ್ನ ಫೋನ್ ನಂಬರು ಬರೆಸಿಕೊಂಡ ಮೇಲೆಯೇ ಕೀ ವಾಪಸು ಬಂತು. “ಸುಳ್ಳಾದ್ರೆ ನಿಮ್ಮನೇಗೇ ಬತ್ತೀನಿ.”

ಮತ್ತೆ ಆ ಕಡೆ ಹೋಗುವ ಧೈರ್ಯ ಬರಲಿಲ್ಲ. ಏಳನೆಯ ಗಿಡ ಕಾಯಿ ಬಿಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಜುಲೈ ಕೊನೆಯಲ್ಲಿ ಅವಳ ಫೋನ್ ಬಂತು.

“ಮತ್ತೆ ನೆಟ್ಟಿದೀಯೇನಮ್ಮ?”

“ಇಲ್ಲಕ್ಕ.”

“ಒಂದು ಗಳಿಗೆ ಬಂದು ನೋಡೋಗು.”

ಮರುದಿನ ಬೆಳಿಗ್ಗೆ ಹೋದೆ. ಬೀಳಿನ ಉದ್ದಕ್ಕೂ ಮೊಣಕಾಲೆತ್ತರದ ಕಲ್ಲುಗಳು, ತಲೆಗೆ ಕೆಂಪು ಬಣ್ಣ, ಅದರ ಮೇಲೆ ಬಿಳಿಯಲ್ಲಿ ನಂಬರು. ಆಗ ನಾನು ನೆಟ್ಟಿದ್ದ ಕಡ್ಡಿಗಳು ಗಿಡ ಇದ್ದಲ್ಲಿ ಹೇಗೆಂದರೆ ಹಾಗೆ ಚದುರಿದ್ದವು. ಈ ಕಲ್ಲುಗಳು ದಾರ ಹಿಡಿದಂತೆ ನೇರವಾಗಿ ಬೀಳು ದಾಟಿ, ಅವರ ರಾಗಿ ಪೈರಿನ ನಡುವೆಯೇ ನುಗ್ಗಿದ್ದವು. ಗಂಡ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

“ನಂಬರ್ ಐತಲ್ಲ, ನಿಂದೇ ತಾನೆ?” ಎಂದಳು. ಕೈಯಲ್ಲಿ ಕುಡುಗೋಲು ಇರಲಿಲ್ಲ. “ನಂದೇ ಅಂತ ಹೇಳ್ಬುಡು. ನಾನೇನೂ ಬಯ್ಯಲ್ಲ ಕಣಮ್ಮ. ಕಿತ್ಕೊಂಡು ಹೋಗ್ಬುಡು.”

ಬಗ್ಗಿ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಬುಡಕ್ಕೆ ಸಿಮೆಂಟು ಹಾಕಿದ್ದರು. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.