ಓದದೆ ಒಪ್ಪುವವನಲ್ಲ

ಫೋನಿನಲ್ಲಿ ‘ನಾನು ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಓದದೆ ಒತ್ತುವವರ ಪೈಕಿ ನಾನಲ್ಲ. ಹೀಗೆಂದರೆ ಜನ ನಗುತ್ತಾರೆ. ನಗಲಿ. ನಾನು ಕೆಲಸ ಮಾಡಿದ್ದು ರೈಲ್ವೆಯಲ್ಲಿ, ಸ್ಟೇಷನ್ ಮಾಸ್ಟರ್ ಆಗಿ. ನಮ್ಮಲ್ಲಿ ಹೊಸ ಆದೇಶ ಬಂದರೆ ಮೊದಲು ಅದನ್ನು ಓದಬೇಕು, ಓದಿದೆ ಎಂದು ಪುಸ್ತಕದಲ್ಲಿ ರುಜು ಹಾಕಬೇಕು, ಆಮೇಲೆ ಕುರ್ಚಿಯಲ್ಲಿ ಕೂರಬೇಕು. ನಾಲ್ಕು ದಿನ ರಜೆ ಹಾಕಿ ಬಂದವನಿಗೂ ಅದೇ ನಿಯಮ.

ನನ್ನ ಜೊತೆಯಲ್ಲಿದ್ದ ಒಬ್ಬ ಮಹಾಶಯ ಓದದೆ ರುಜು ಹಾಕುವುದರಲ್ಲಿ ಎತ್ತಿದ ಕೈ. ಒಂದು ದಿನ ಗೂಡ್ಸ್ ಗಾಡಿಯೊಂದು ಹೋಗಬಾರದ ಹಳಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ವಿಚಾರಣೆ ಆಯಿತು. “ಆ ಆದೇಶ ನಾನು ಓದಿರ್ಲಿಲ್ಲ ಸಾರ್” ಎಂದ ಇವನು. ಅಧಿಕಾರಿ ಪುಸ್ತಕ ತೆರೆದು ಅವನ ಮುಂದಿಟ್ಟು, “ಹಾಗಾದ್ರೆ ಈ ರುಜು ಯಾರದ್ದು?” ಎಂದು ಕೇಳಿದರು. ಪಕ್ಕದಲ್ಲಿ ಸಾಕ್ಷಿಯಾಗಿ ನಿಂತಿದ್ದ ನನಗೆ ಆ ಪ್ರಶ್ನೆ ಇವತ್ತಿಗೂ ಮರೆತುಹೋಗಿಲ್ಲ.

ಈ ಫೋನು ಕೊಂಡದ್ದು ಟಿ. ನಗರದ ಒಂದು ಅಂಗಡಿಯಲ್ಲಿ. ಕನ್ನಡದಲ್ಲಿ ಮಾಡಿಕೊಡು ಎಂದರೆ ಅಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮಿಳಿನಲ್ಲಿ “ಇಂಗ್ಲಿಷ್ ಪೋದುಮೇ ಸಾರ್” ಎಂದ. ಇಂಗ್ಲಿಷ್ ಸಾಕೋ ಬೇಡವೋ ಹೇಳಬೇಕಾದವನು ನಾನು. ಕನ್ನಡ ಬರುವವರೆಗೆ ಜಾಗ ಬಿಟ್ಟು ಏಳಲಿಲ್ಲ. ಅಂದೇ ಅಲ್ಲೇ ಕೂತು ಅದರ ನಿಯಮಗಳನ್ನೆಲ್ಲ ಓದಿದೆ. ಹೆಂಡತಿ ಎರಡು ಸೀರೆ ಅಂಗಡಿ ಮುಗಿಸಿ ಬಂದರೂ ನಾನು ಇನ್ನೂ ಓದುತ್ತಲೇ ಇದ್ದೆ.

ಈ ಬೇಸಿಗೆಯಲ್ಲಿ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮನೆ ಇರುವುದು ಪೋರೂರಿನಲ್ಲಿ, ಆಸ್ಪತ್ರೆಗಳಿಗೇನು ಕೊರತೆ. ಮೂರು ವಾರ ಓದಬಾರದು, ಫೋನು ನೋಡಬಾರದು ಎಂದರು ಡಾಕ್ಟರು. ಅಲ್ಲಿಂದ ನನ್ನ ಅಧಿಕಾರವೆಲ್ಲ ಹೋಯಿತು. ಯಾವ ಶರಟು ಹಾಕಬೇಕು, ಯಾವಾಗ ಮಲಗಬೇಕು, ಸಾರಿಗೆ ಉಪ್ಪು ಎಷ್ಟು, ಎಲ್ಲ ಮಗ ಮತ್ತು ಹೆಂಡತಿ ಗೊತ್ತು ಮಾಡುತ್ತಿದ್ದರು. ಕಣ್ಣಿಗೆ ತಾನೇ ಆಪರೇಷನ್ ಆದದ್ದು, ಬುದ್ಧಿಗಲ್ಲವಲ್ಲ. ಆದರೂ ಪ್ರೀತಿಯಿಂದ ಮಾಡುತ್ತಾರೆ ಎಂದು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದರೆ ಫೋನು ಬೇರೆ ದನಿಯಲ್ಲಿ ಕೂಗಿತು. ಕಪ್ಪು ಕನ್ನಡಕದಲ್ಲೇ ಬಗ್ಗಿ ನೋಡಿದೆ. ಚಿತ್ರಗಳೆಲ್ಲ ಜಾಗ ಬದಲಾಯಿಸಿದ್ದವು. ಅಕ್ಷರವೆಲ್ಲ ಇಂಗ್ಲಿಷ್.

“ಅಪ್‌ಡೇಟ್ ಬಂದಿತ್ತಪ್ಪಾ, ನಾನೇ ಮಾಡ್ಬಿಟ್ಟೆ,” ಎಂದ ಮಗ. “ಕನ್ನಡ ಎಳುತ್ತು ನನಗೆಲ್ಲಿ ಓದಕ್ಕೆ ಬರತ್ತೆ? ಅದಕ್ಕೇ ಇಂಗ್ಲಿಷ್‌ಗೆ ಮಾತ್ತಿದೆ.” ತಮಿಳರ ನಡುವೆ ಬೆಳೆದವನ ಕನ್ನಡ ಹೀಗೇ: ಎಳುತ್ತು ಎಂದರೆ ಅಕ್ಷರ, ಮಾತ್ತಿದೆ ಎಂದರೆ ಬದಲಾಯಿಸಿದೆ.

“ನಿಯಮ ಬಂದಿರ್ಬೇಕಲ್ಲ? ಒಪ್ಪಿಗೆ ಕೇಳಿರ್ಬೇಕಲ್ಲ?”

“ಕೇಳ್ತು. ಒತ್ತಿದೆ.”

“ಓದಿದ್ಯಾ?”

“ಅದನ್ನ ಯಾರಪ್ಪಾ ಓದ್ತಾರೆ? ಊರಿಗೆ ಊರೇ ಓದದೆ ಒತ್ತತ್ತೆ. ಅಪ್‌ಡೇಟ್ ಮಾಡ್ದೇ ಬಿಟ್ರೆ ಕಳ್ಳರು ಒಳಗೆ ನುಗ್ತಾರೆ.”

ಕಳ್ಳರ ಮಾತು ನಿಜವಿರಬಹುದು. ಮಗ ಮೂರ್ಖನಲ್ಲ, ಆ ಕೆಲಸ ಬಲ್ಲವನು. ಆದರೆ ನನ್ನ ಮೈ ಉರಿದುಹೋಯಿತು. ಸಾರಿನ ಉಪ್ಪು ಬಿಟ್ಟುಕೊಟ್ಟಿದ್ದೆ, ಶರಟು ಬಿಟ್ಟುಕೊಟ್ಟಿದ್ದೆ. ಇವನು ನನ್ನ ‘ಹೂಂ’ ಅನ್ನೂ ತಾನೇ ಹೇಳಿ ಮುಗಿಸಿದ್ದ. ಅದೊಂದು ಹೋದರೆ ಈ ಮನೆಯಲ್ಲಿ ನಾನು ಉಣ್ಣುವ ಬಾಯಿ ಮಾತ್ರ. “ಹಾಗಾದ್ರೆ ಆ ರುಜು ಯಾರದ್ದು?” ಎಂದು ಕೂಗಿದೆ. ಮಗನಿಗೆ ಅರ್ಥವಾಗಲಿಲ್ಲ. ಏನು ಒಪ್ಪಿದ್ದೇನೆ ಎಂದು ಕನ್ನಡದಲ್ಲಿ ತಿಳಿಯುವವರೆಗೆ ಈ ಫೋನು ಮುಟ್ಟುವುದಿಲ್ಲ ಎಂದು ಹೇಳಿ ಅದನ್ನು ಆಫ್ ಮಾಡಿ ದೇವರ ಗೂಡಿನ ಪಕ್ಕದಲ್ಲಿಟ್ಟೆ.

“ನಿಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು,” ಎಂದಳು ಹೆಂಡತಿ.

ನಾಲ್ಕನೆಯ ದಿನ ಊರಿನ ಇನ್ನೊಂದು ತುದಿಯ ಮಾಧವರಂನಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬಂದ, ಮತ್ತಾರು, ಅದೇ ಓದದೆ ರುಜು ಹಾಕಿದ ಮಹಾಶಯ. ದಿನಾ ಸಂಜೆ ನಾವಿಬ್ಬರೂ ಫೋನಿನಲ್ಲಿ ಮಾತಾಡುವ ರೂಢಿ. “ಇದ್ದೀಯೋ ಹೋದ್ಯೋ ನೋಡೋಣ ಅಂತ ಬಂದೆ ಮಾರಾಯ,” ಎಂದ. ಸಂಗತಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. “ನಾನಂತೂ ಇವತ್ತಿಗೂ ಓದಲ್ಲಪ್ಪ, ಒತ್ತಿಬಿಡ್ತೀನಿ.” ಹುಟ್ಟುಗುಣ ಸುಟ್ಟರೂ ಹೋಗದು. ಕಾಫಿ ಕುಡಿಸಿ ಕಳಿಸಿದೆ.

ಅವನ ಮಾತು ಕೇಳುತ್ತ ಬಾಗಿಲಲ್ಲಿ ನಿಂತಿದ್ದವಳು ಮೊಮ್ಮಗಳು. ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಹಿಂದಿನ ವರ್ಷದ ರಜೆಯಲ್ಲಿ ಅವಳಿಗೆ ಅಕ್ಷರ ಕಲಿಸಲು ಹೊರಟಿದ್ದೆ. ಅಆಇಈ, ಕಾಗುಣಿತ ಎಲ್ಲ ಬೇಗ ಬಂತು. ಒತ್ತಕ್ಷರದ ಹತ್ತಿರ ಬಂದು ಕಾಲು ಕೆದರಿದಳು. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಯಾಕೆ ನೇತಾಡಬೇಕು, ತಮಿಳಿನಲ್ಲಿ ಈ ಕಷ್ಟವೇ ಇಲ್ಲ ಎಂದು ಅವಳ ವಾದ. ಶಾಲೆ ಶುರುವಾಯಿತು, ಪುಸ್ತಕ ಮೂಲೆ ಸೇರಿತು. ಮಗನಿಗೆ ಕಲಿಸದೆ ಹೋದದ್ದಕ್ಕೆ ಪಾಳಿ ಡ್ಯೂಟಿ ಅಂತ ನೆಪವಿತ್ತು. ಮೊಮ್ಮಗಳ ವಿಷಯದಲ್ಲಿ ಆ ನೆಪವೂ ಇರಲಿಲ್ಲ.

“ತಾತಾ, ನಾನ್ ಪಡಿಕ್ಕಟ್ಟುಮಾ?” ಎಂದಳು. ನಾನು ಓದಲಾ ಎಂದು.

ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದ್ದು ಅವಳೇ. ನಿಯಮಗಳ ಪುಟ ಎಲ್ಲೋ ಏಳು ಬಾಗಿಲ ಹಿಂದೆ ಅಡಗಿತ್ತು, ಅದನ್ನೂ ಹುಡುಕಿದಳು. ನಾನು ಕಣ್ಣು ಮುಚ್ಚಿಕೊಂಡು ಈಜಿಚೇರಿನಲ್ಲಿ ಒರಗಿದೆ, ಅವಳು ನೆಲದ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೊದಲ ದಿನ ಮೂರು ಸಾಲು ಆಯಿತು. ‘ತಂತ್ರಾಂಶ’ ಎಂಬ ಮಾತಿಗೆ ಬರುವಷ್ಟರಲ್ಲಿ ಇಬ್ಬರೂ ಬೆವೆತುಹೋದೆವು. ಆ ಕನ್ನಡವಾದರೂ ಎಂಥದ್ದು! ಕನ್ನಡಿಗನನ್ನು ಒಮ್ಮೆಯೂ ಕಾಣದವರು ಬರೆದಂತಿತ್ತು. ಬೈಯುತ್ತಲೇ ಅರ್ಥ ಹೇಳಿದೆ.

“‘ನಿಮ್ಮ ಮಾಹಿತಿಯನ್ನು ಮೂರನೇ ವ್ಯಕ್ತಿಗೆ ನೀಡಬಹುದು.’ ಮೂರನೇ ವ್ಯಕ್ತಿ ಯಾರು ತಾತಾ? ಪಾಟಿಯಾ?”

“ನಿನ್ನ ಅಜ್ಜಿ ಆಗಿದ್ರೆ ಚಿಂತೆ ಇರ್ಲಿಲ್ಲ ಮಗೂ. ಇದು ನಮಗೆ ಗುರುತೇ ಇಲ್ಲದವರು.”

“ಅವಂಗಳುಕ್ಕು ಎದುಕ್ಕು?” ಅವರಿಗೆ ಯಾಕೆ ಬೇಕು?

ನಾನು ಎಲ್ಲಿ ನಡೆಯುತ್ತೇನೆ, ಯಾರ ಜೊತೆ ಮಾತಾಡುತ್ತೇನೆ ಎನ್ನುವುದನ್ನೆಲ್ಲ ನೋಡಲು ನನ್ನ ಮಗ ನನ್ನ ಹೆಸರಿನಲ್ಲಿ ‘ಆಗಲಿ’ ಎಂದಿದ್ದ. ಕೆರೆಯ ಕಡೆ ವಾಕಿಂಗ್ ಹೋಗುವ ಮುದುಕನ ದಾರಿ ಕಟ್ಟಿಕೊಂಡು ಇವರಿಗೆ ಏನಾಗಬೇಕು?

ಹನ್ನೊಂದು ದಿನ ಓದಿದೆವು. ಬರಬರುತ್ತ ಒತ್ತಕ್ಷರ ಅವಳನ್ನು ತಡೆಯಲಿಲ್ಲ. ಕಡೆಗೆ ಒಂದು ಸಾಲಿನ ಹತ್ತಿರ ನಿಂತು ಅದನ್ನು ಎರಡು ಸಲ ಓದಿದಳು: “ನಿಮ್ಮ ಒಪ್ಪಿಗೆಯನ್ನು ನೀವು ಯಾವಾಗ ಬೇಕಾದರೂ ಹಿಂಪಡೆಯಬಹುದು.” ನಾನು ಎದ್ದು ಕೂತೆ. ಸೇವೆಯಲ್ಲಿದ್ದಷ್ಟು ಕಾಲ ಯಾವ ಆದೇಶದಲ್ಲೂ ಇಂಥ ಸಾಲು ನೋಡಿರಲಿಲ್ಲ. ಆ ಸಂಜೆ ಇಬ್ಬರೂ ಕೂತು ಒಂದೊಂದೇ ಒಪ್ಪಿಗೆ ವಾಪಸು ತೆಗೆದುಕೊಂಡೆವು. ನಾನು ಬೇಡ ಎನ್ನುವುದು, ಅವಳು ಆಫ್ ಮಾಡುವುದು. ಅಪ್‌ಡೇಟ್ ಮಾತ್ರ ಇರಲಿ ಎಂದೆ, ಕಳ್ಳರ ಕಾಟಕ್ಕೆ. ಫೋನು ಸಾಯಲಿಲ್ಲ, ಕೆಡಲಿಲ್ಲ. ಮಾಧವರಂನ ಮಹಾಶಯನಿಗೆ ಕರೆ ಮಾಡಿದೆ, ಎಂದಿನಂತೆ ಒಂದು ಗಂಟೆ ಹರಟಿದೆವು.

ಕಣ್ಣು ವಾಸಿಯಾಗಿ ಹೊಸ ಕನ್ನಡಕ ಬಂತು. ಕಳೆದ ವಾರ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಮೇಜಿನ ಮೇಲಿದ್ದ ನನ್ನ ಫೋನು ಮತ್ತೆ ಮಿನುಗಿತು. ಇನ್ನೊಂದು ಅಪ್‌ಡೇಟು. ಮಗ ಒಂದು ಕೈಯಲ್ಲಿ ಇಡ್ಲಿ ಮುರಿಯುತ್ತ, ಇನ್ನೊಂದು ಕೈಯ ಬೆರಳನ್ನು ಅಭ್ಯಾಸಬಲದಿಂದ ಅದರ ಕಡೆ ಚಾಚಿದ. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ತನ್ನ ಅಂಗೈಯನ್ನು ಫೋನಿನ ಮೇಲೆ ಇಟ್ಟುಬಿಟ್ಟಳು.

“ಅಪ್ಪಾ, ಬೇಡ. ತಾತ ಇನ್ನೂ ಓದಿಲ್ಲ.”

ಕನ್ನಡದಲ್ಲಿ ಹೇಳಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಹೆಂಡತಿ ಚಟ್ನಿಯ ಸೌಟು ಹಿಡಿದು ಹಾಗೇ ನಿಂತಳು. ನಾನು ಕನ್ನಡಕ ತೆಗೆದು ಒರೆಸಿದೆ.

ಮಗ ಕೈ ಹಿಂದಕ್ಕೆ ತೆಗೆದುಕೊಂಡ. ಗಡಿಯಾರ ನೋಡಿದ, ನನ್ನನ್ನು ನೋಡಿದ. ಆಮೇಲೆ ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡು ಕೇಳಿದ:

“ಸರಿ, ಅದರಲ್ಲಿ ಏನು ಬರೆದಿದೆ? ನನಗೂ ಓದಿ ಹೇಳು.”