ದೀಪದ ಪೆಟ್ಟಿಗೆಯ ಮೇಲಿಟ್ಟ ಓಟು

ಗೌರಿಬಿದನೂರಿನ ಕಡೆಯಿಂದ ಮದುವೆಯಾಗಿ ಬಂದ ಆಂಜಿನಮ್ಮ, ಚಿಂತಾಮಣಿ ತಾಲ್ಲೂಕಿನ ಆ ಊರಿಗೆ ಬಹಳ ಬೇಗ ಒಗ್ಗಿಕೊಂಡಳು. ಹೆರಿಗೆಗೆ, ನಾಮಕರಣಕ್ಕೆ, ಅತ್ತೆ ಸೊಸೆಯರ ಜಗಳ ಬಿಡಿಸುವುದಕ್ಕೆ ಎಲ್ಲರಿಗೂ ಅವಳೇ ಬೇಕು. ಕೆರೆ ಬೀದಿಯ ಮೂವತ್ತು ಮನೆಯವರು ನೀರು ಸೇದುತ್ತಿದ್ದದ್ದು ಅವಳ ಮನೆಯ ತೋಟದ ಬಾವಿಯಲ್ಲಿ. ಬೆಳಗಾದರೆ ಅಲ್ಲಿ ಬಿಂದಿಗೆಗಳ ಸದ್ದು, ನಡುವೆ ಆಂಜಿನಮ್ಮನ ನಗು.

ಗಂಡ ಗಂಗುಲಪ್ಪನವರಿಗೆ ಎಮ್ಮೆಲ್ಲೆ ಆಗುವ ಹುಚ್ಚು. ಖಾದಿ ಟೋಪಿ ಕೊಂಡ ದಿನವೇ ಅವರ ನಡಿಗೆ ಬದಲಾಗಿತ್ತು. ಐವತ್ತೇಳರ ಚುನಾವಣೆಯಲ್ಲಿ ಪಕ್ಷದವರು ಟಿಕೆಟ್ ಕೊಡಲಿಲ್ಲ. ಇವರು ಹಟಕ್ಕೆ ಬಿದ್ದು ಸ್ವತಂತ್ರವಾಗಿ ನಿಂತರು. ಸಿಕ್ಕ ಗುರುತು ದೀಪ. ಆಗಿನ್ನೂ ಮುದ್ರೆ ಒತ್ತುವ ಪದ್ಧತಿ ಬಂದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದಕ್ಕೆ ಅಂಟಿಸಿದ ಗುರುತಿನ ಚಿತ್ರ. ಪರದೆಯ ಹಿಂದೆ ಹೋಗಿ ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ಹಾಕಬೇಕು. ಇದನ್ನು ಹೇಳಿಕೊಡಲು ಗಂಗುಲಪ್ಪನವರು ಊರೂರು ಅಲೆದರು. ತಮ್ಮೂರಿನ ಹೆಂಗಸರನ್ನು ಮಾತ್ರ ಹೆಂಡತಿಗೆ ಬಿಟ್ಟರು. ಆ ಹೆಂಡತಿಗೆ ಏನೂ ಹೇಳಿಕೊಡಲಿಲ್ಲ. ಮನೆಯವಳಿಗೆ ಹೇಳಿಕೊಡುವುದು ಏನಿರುತ್ತದೆ!

ಓಟಿನ ದಿನ ಆಂಜಿನಮ್ಮ ತಲೆಗೆ ಸ್ನಾನ ಮಾಡಿ, ಕುಂಕುಮದ ಭರಣಿ ಹಿಡಿದು, ಹೆಂಗಸರಲ್ಲಿ ಮೊದಲಿಗಳಾಗಿ ಒಳಗೆ ಹೋದಳು. ದೀಪದ ಚಿತ್ರ ಕಂಡದ್ದೇ ಕೈ ತಾನಾಗಿ ಅದಕ್ಕೆ ಕುಂಕುಮ ಇಟ್ಟಿತು. ದೀಪದ ಮುಂದೆ ಏನನ್ನಾದರೂ ಇಟ್ಟು ಕೈ ಮುಗಿಯುವುದು ಅವಳಿಗೆ ಗೊತ್ತು. ತೂತಿನಲ್ಲಿ ತುರುಕುವುದು ಗೊತ್ತಿಲ್ಲ. ಚೀಟಿಯನ್ನು ಪೆಟ್ಟಿಗೆಯ ಮೇಲಿಟ್ಟು, ಕಣ್ಣಿಗೊತ್ತಿಕೊಂಡು ಹೊರಗೆ ಬಂದಳು. ಸಾಲಿನಲ್ಲಿದ್ದ ಕೆರೆ ಬೀದಿಯ ಮಂಗಮ್ಮ ಕೇಳಿದಳು:

"ಹೆಂಗೆ ಮಾಡ್ಬೇಕಮ್ಮಾ?"

"ದೀಪದ ಪೆಟ್ಟಿಗೆ ಮೇಲಿಟ್ಟು, ಕೈ ಮುಗಿದು ಬಂದ್ಬಿಡಿ. ಅಷ್ಟೇ ಕಣಮ್ಮ."

ಗಂಗುಲಪ್ಪನವರು ಇಪ್ಪತ್ಮೂರು ಓಟಿನಿಂದ ಸೋತರು. ಅವರದೇ ಊರಿನಲ್ಲಿ ದೀಪದ ಪೆಟ್ಟಿಗೆಯ ಮೇಲೆ ಮೂವತ್ತೇಳು ಚೀಟಿಗಳು ಹಾಗೆಯೇ ಬಿದ್ದಿದ್ದವು. ಒಳಗೆ ಬೀಳದ ಚೀಟಿ ಲೆಕ್ಕಕ್ಕಿಲ್ಲ ಎಂದು ಅಧಿಕಾರಿಗಳು ಅವನ್ನು ಕಟ್ಟಿ ಪಕ್ಕಕ್ಕಿಟ್ಟಿದ್ದರು.

"ಕೆರೆ ಬೀದಿಯೋರು ಪಕ್ಷದೋರ ಹತ್ರ ಸೀರೆ ಇಸ್ಕೊಂಡು ಬೇಕಂತಲೇ ನನ್ನ ಓಟು ಕೆಡಿಸವ್ರೆ!" ಎಂದು ಗಂಗುಲಪ್ಪನವರು ಜಗಲಿಯ ಮೇಲೆ ನಿಂತು ಕೂಗಿದರು. ಅಂದೇ ತೋಟದ ಗೇಟಿಗೆ ಬೀಗ ಬಿತ್ತು.

ಒಳಗೆ ಆಂಜಿನಮ್ಮ ಮುದ್ದೆ ಕಟ್ಟುತ್ತಿದ್ದಳು. ಮೇಲಿಡಿ ಎಂದು ಹೇಳಿದ್ದು ತಾನೇ. ಸಿಟ್ಟು ಇಳಿಯಲಿ, ನಾಳೆ ಹೇಳೋಣ ಅಂದುಕೊಂಡಳು. ನಾಳೆ ನಾಳೆ ಎನ್ನುತ್ತಾ ಐದು ವರ್ಷವಾಯಿತು. ಕೆರೆ ಬೀದಿಯವರು ಗುಡ್ಡದಾಚೆಯ ಕುಂಟೆಯಿಂದ ನೀರು ಹೊತ್ತರು. ಮಂಗಮ್ಮನ ಸೊಸೆ ತುಂಬು ಬಸುರಿನಲ್ಲೂ ಹೊತ್ತಳು. ಆಂಜಿನಮ್ಮ ಕಿಟಕಿಯಿಂದ ನೋಡಿದಳು. ನೋಡಿ, ಒಳಗೆ ಹೋಗಿ ಒಲೆಗೆ ಸೌದೆ ಇಟ್ಟಳು. ಮೊದಮೊದಲು ಸಂಕಟವಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಮಂಗಮ್ಮ ಮಾತ್ರ ಯಾರ ಮುಂದೆಯೂ ಅವಳ ಹೆಸರೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಆಂಜಿನಮ್ಮನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಅರವತ್ತೆರಡರಲ್ಲಿ ಗಂಗುಲಪ್ಪನವರು ಮತ್ತೆ ನಿಂತರು. ಈಗ ಎಲ್ಲರಿಗೂ ಒಂದೇ ಪೆಟ್ಟಿಗೆ, ಚೀಟಿಯ ಮೇಲೆ ಮುದ್ರೆ. ಓಟಿಗೆ ವಾರವಿರುವಾಗ ಅವರು ಹೆಂಡತಿಯನ್ನು ಕೂರಿಸಿಕೊಂಡು, ಮಾದರಿ ಚೀಟಿ ಹಾಸಿ, ಎಲ್ಲಿ ಒತ್ತಬೇಕು, ಹೇಗೆ ಮಡಿಸಬೇಕು ಎಂದು ನಾಲ್ಕು ಸಲ ತೋರಿಸಿದರು. ಆ ಜತನ ಕಂಡು ಆಂಜಿನಮ್ಮನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಅವತ್ತು ಮೇಲಿಡಿ ಅಂತ ಹೇಳಿದ್ದು ನಾನೇ ರೀ."

"ಗೊತ್ತು ಕಣೇ." ಅವರು ಚೀಟಿಯಿಂದ ಕಣ್ಣೆತ್ತಲಿಲ್ಲ. "ನಮ್ಮ ಏಜೆಂಟ್ ಆವುಲಪ್ಪ ಅವತ್ತೇ ಹೇಳ್ದ. ಹೆಂಡ್ತಿಯಿಂದ ಸೋತ ಅಂದ್ರೆ ತಾಲ್ಲೂಕೆಲ್ಲಾ ನಗುತ್ತೆ. ಕೆರೆ ಬೀದಿಯೋರು ಕೈ ಕೊಟ್ರು ಅಂದ್ರೆ ನಾಕ್ ಜನ ಅಯ್ಯೋ ಅಂತಾರೆ. ಸುಮ್ನಿರು ಈಗ."

ಮರುದಿನ ಬೆಳಗ್ಗೆ ಅವರು ಶಿಡ್ಲಘಟ್ಟದ ಬಸ್ಸು ಹತ್ತಿದ ಮೇಲೆ ಆಂಜಿನಮ್ಮ ಬೀಗ ತೆಗೆದು, ಗೇಟನ್ನು ಅಗಲವಾಗಿ ತೆರೆದು ದಾರಿಯಲ್ಲೇ ನಿಂತಳು. ಮಂಗಮ್ಮ ಖಾಲಿ ಬಿಂದಿಗೆ ಹಿಡಿದು ಕುಂಟೆಯ ಕಡೆ ಹೊರಟಿದ್ದಳು.

"ಬಾ ಮಂಗಮ್ಮ, ಇಲ್ಲೇ ಸೇದ್ಕೊ. ತಪ್ಪು ನಂದೇ ಅಂತ ಅವ್ರಿಗೆ ಹೇಳ್ದೆ."

ಮಂಗಮ್ಮ ತೆರೆದ ಗೇಟನ್ನು ನೋಡಿದಳು, ಆಮೇಲೆ ಅವಳ ಮುಖವನ್ನು ನೋಡಿದಳು.

"ಓಟು ಯಾವತ್ತಮ್ಮ?"

"ಇನ್ನೊಂದು ವಾರ ಐತೆ."

"ಅದಕ್ಕೇ ತೆಗೆದಿದ್ದೀರಿ ಬಿಡಿ," ಎಂದಳು ಮಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಗುಡ್ಡದ ದಾರಿ ಹಿಡಿದು ಹೊರಟೇಬಿಟ್ಟಳು. ಆಂಜಿನಮ್ಮನಿಗೆ ಅಳು ಬರಬೇಕಿತ್ತು, ಬರಲಿಲ್ಲ.