ಲಿಫ್ಟ್ ತಾತ ಬಿಚ್ಚಿದ ಲ್ಯಾಪ್‌ಟಾಪ್

“ಇದನ್ನ ಮುಂಚೆ ಯಾರಾದ್ರೂ ಬಿಚ್ಚಿದ್ರಾ ಯಜಮಾನ್ರೇ?”

“ಇಲ್ಲಮ್ಮ. ಬಿಚ್ಚೋರು ಯಾರಿದ್ದಾರೆ ನಮ್ಮನೇಲಿ? ಆನ್ ಆಗುತ್ತೆ, ಹಿಂದೇನೇ ಆಫ್ ಆಗುತ್ತೆ. ತಾನಾಗೇ ಹೀಗಾಯ್ತು.”

ರಿಪೇರಿ ಅಂಗಡಿಯವಳು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿಕೊಂಡು, ಅದರ ಬೆನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಲಿಫ್ಟ್ ತಾತ ಕೌಂಟರಿನ ಈಚೆ ನಿಂತು ಜೇಬಿನೊಳಗಿನ ಸ್ಕ್ರೂಡ್ರೈವರನ್ನು ಬಟ್ಟೆಯ ಮೇಲಿಂದಲೇ ಒತ್ತಿ ಹಿಡಿದರು.

“ಎರಡರ ತಲೆ ಸವೆದಿದೆ. ತಾನಾಗೇ ಬೆನ್ನು ಕೆರ್ಕೊಂಡಿರ್ಬೇಕು,” ಎಂದಳು ಅವಳು.

ಸೆಕೆಂಡ್ ಹ್ಯಾಂಡ್ ಮಾಲು, ತರುವಾಗಲೇ ಹಾಗಿತ್ತೇನೋ ಎಂದು ತಾತ ಇನ್ನೊಂದು ಸುಳ್ಳು ಪೋಣಿಸಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. 

ಲಿಫ್ಟ್ ತಾತ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಲಿಫ್ಟ್ ಕಂಪನಿ ಸೇರಿ, ತಲೆ ನೆರೆಯುವವರೆಗೂ ಎತ್ತೆತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿದವರು. ಹಗ್ಗದ ಸದ್ದು ಕೇಳಿಯೇ ಯಾವ ರಾಟೆ ಸವೆದಿದೆ ಎಂದು ಹೇಳುವಂಥ ಕಿವಿ. ಕೆಲಸದಿಂದ ನಿವೃತ್ತಿ ಸಿಕ್ಕಿತು, ಕಿವಿಗೆಲ್ಲಿ ಸಿಗಬೇಕು? ಪಕ್ಕದ ಮನೆಯ ಮಿಕ್ಸಿ ಅಪಸ್ವರ ತೆಗೆದರೆ ಇವರು ಇಲ್ಲಿ ಊಟ ಬಿಟ್ಟು ಏಳುತ್ತಾರೆ, ಎದುರು ಮನೆಯ ಫ್ಯಾನ್ ಕಿರುಗುಟ್ಟಿದರೆ ಸ್ಟೂಲ್ ಹೊತ್ತುಕೊಂಡು ಹೊರಟೇಬಿಡುತ್ತಾರೆ, ಅವರು ಕರೆದರೂ ಸರಿ, ಕರೆಯದಿದ್ದರೂ ಸರಿ.

ಇಂಥ ಕಿವಿಯಿರುವ ಮನೆಗೆ ಬಂದ ಸೊಸೆಯ ಕೆಲಸವೂ ಸದ್ದಿನದೇ. ಕಣ್ಣು ಕಾಣದವರಿಗಾಗಿ ಅವಳು ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ಸ್ಟುಡಿಯೋ ಎಂದರೆ ಬೆಡ್‌ರೂಮಿನ ಬಟ್ಟೆ ಬೀರು! ತೂಗುಹಾಕಿದ ಕೋಟುಗಳ ನಡುವೆ ಮೊಣಕಾಲು ಮಡಚಿ ಕೂತು, ತಲೆಯ ಮೇಲೊಂದು ರಜಾಯಿ ಎಳೆದುಕೊಂಡು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ತಣ್ಣನೆಯ ದನಿಯಲ್ಲಿ ಓದುತ್ತಾ ಹೋಗುತ್ತಾಳೆ. ಮಗ ಕೆಲಸದ ಮೇಲೆ ಊರೂರು ತಿರುಗುವವನು, ಮನೆಯಲ್ಲಿ ಮಾವ ಸೊಸೆ ಇಬ್ಬರೇ. ಅವಳು ಬೀರು ಹೊಕ್ಕಳೆಂದರೆ ತಾತ ತುದಿಗಾಲಲ್ಲಿ ಓಡಾಡುತ್ತಾರೆ, ನಲ್ಲಿಯನ್ನು ಎಳೆಯಷ್ಟೇ ಬಿಡುತ್ತಾರೆ, ಕೆಮ್ಮು ಬಂದರೆ ಬಾಯಿಗೆ ಟವೆಲ್ ತುರುಕಿಕೊಂಡು ಹೊರಗಿನ ಮೆಟ್ಟಿಲಿಗೆ ಓಡುತ್ತಾರೆ.

ಇತ್ತೀಚೆಗೆ ಲ್ಯಾಪ್‌ಟಾಪಿನ ಫ್ಯಾನ್ ಗೊರಗುಟ್ಟತೊಡಗಿತ್ತು. ಆ ಗೊರಗೊರ ರೆಕಾರ್ಡಿಂಗಿಗೂ ನುಗ್ಗಿ, ಪಾಪ, ಅವಳು ಓದಿದ್ದನ್ನೇ ಓದುವ ಹಾಗಾಯಿತು. ಅವಳು ಯಾರಿಗೂ ದೂರು ಹೇಳಲಿಲ್ಲ. ಆದರೆ ಇವತ್ತು ಬೆಳಿಗ್ಗೆ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೇ ತಡ, ಇರಲಾರದವನು ಇರುವೆ ಬಿಟ್ಟುಕೊಂಡಂತೆ ತಾತ ಲ್ಯಾಪ್‌ಟಾಪನ್ನು ಊಟದ ಟೇಬಲ್ಲಿಗೆ ತಂದು ಬಿಚ್ಚಿದರು. ಫ್ಯಾನನ್ನೂ ಕಳಚಿ, ಶೇವಿಂಗ್ ಬ್ರಷ್ಷಿನಿಂದ ಧೂಳು ಕೊಡವಿ, ಮತ್ತೆ ಕೂರಿಸಿದರು. ಒಂದು ಸ್ಕ್ರೂ ಮಾತ್ರ ಅರ್ಧಕ್ಕೇ ಬಿಗಿಯಾಗಿ ನಿಂತಿತು. ಲಿಫ್ಟಿನವರಿಗೆ ಬಿಗಿ ಎಂದರೆ ಕ್ಷೇಮ. ಇನ್ನೂ ಎರಡು ಸುತ್ತು ಒತ್ತಿ ತಿರುಗಿಸಿದರು.

ಆನ್ ಮಾಡಿದಾಗ ದೀಪ ಹತ್ತಿತು, ಫ್ಯಾನ್ ತಿರುಗಿತು, ಗೊರಗೊರ ಮಂಗಮಾಯ. ತಾತನ ಮುಖ ಊರಗಲ. ಅಷ್ಟರಲ್ಲೇ ಟಕ್ ಎಂದು ಎಲ್ಲ ಕತ್ತಲು. ಮತ್ತೆ ಒತ್ತಿದರೂ ಅದೇ, ಇನ್ನೊಮ್ಮೆ ಒತ್ತಿದರೂ ಅದೇ.

ಆ ಪೆಟ್ಟಿಗೆಯೊಳಗೆ ಸೊಸೆ ಓದಿ ರೆಕಾರ್ಡ್ ಮಾಡಿದ ಒಂದಿಡೀ ಪುಸ್ತಕವಿತ್ತು. ಕೊನೆಯ ಅಧ್ಯಾಯವೊಂದು ಮುಗಿದರೆ ಎಲ್ಲ ಒಟ್ಟಿಗೆ ಕಳಿಸುತ್ತೇನೆ, ಬೇರೆ ಕಡೆ ಎಲ್ಲೂ ಇಟ್ಟಿಲ್ಲ ಎಂದು ಅವಳೇ ನಿನ್ನೆ ಹೇಳಿದ್ದಳು. ಬೈಯುವ ಸೊಸೆಯಾಗಿದ್ದರೆ ಬೈಸಿಕೊಂಡು ಕೈ ತೊಳೆದುಕೊಳ್ಳಬಹುದಿತ್ತು. ಇವಳು ಬೈಯುವುದಿಲ್ಲ, ಸುಮ್ಮನಾಗುತ್ತಾಳೆ. ಹಿಂದೊಮ್ಮೆ ಗಂಡನ ಮೇಲೆ ಮುನಿದು ಹಾಗೆ ಸುಮ್ಮನಾದಾಗ ಮನೆಯಲ್ಲಿ ಚಮಚ ಬಿದ್ದರೂ ಎದೆ ಧಸಕ್ಕೆನ್ನುತ್ತಿತ್ತು. ಅವಳು ವಾಪಸಾಗುವುದರೊಳಗೆ ಸರಿಮಾಡಿಸಿ ಮೊದಲಿನ ಜಾಗದಲ್ಲೇ ಇಟ್ಟುಬಿಡಬೇಕೆಂದು ತಾತ ಒಂದೇ ಉಸಿರಿಗೆ ಈ ಅಂಗಡಿಗೆ ಬಂದಿದ್ದರು.

ಅಂಗಡಿಯವಳು ಬೆನ್ನಿನ ಮುಚ್ಚಳ ತೆಗೆದಳು. ಮೊದಲು ಬ್ಯಾಟರಿಯ ವೈರ್ ಬಿಡಿಸಿ, ಬರೀ ಚಾರ್ಜರಿನಲ್ಲಿ ನಡೆಸಿ ನೋಡಿದಳು. ಹತ್ತಿತು, ಆರಿತು. ಮೆಮೊರಿ ಕಡ್ಡಿ ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿದಳು. ಹತ್ತಿತು, ಆರಿತು. 

“ಬಿಚ್ಚಿದ ಮಾಲಾಗಿದ್ರೆ ಮೊದ್ಲು ಬೋರ್ಡ್ ನೋಡ್ತಿದ್ದೆ,” ಎಂದು ಅವಳು ಬೇರೊಂದು ಚಾರ್ಜರ್ ಸಿಕ್ಕಿಸುತ್ತಾ ಹೇಳಿದಳು. “ಒಳಗೆ ಎಲ್ಲಾದ್ರೂ ಶಾರ್ಟ್ ಆಗಿದ್ರೆ, ಆನ್ ಮಾಡಿದಷ್ಟೂ ಸುಡುತ್ತೆ. ಬಿಚ್ಚಿಲ್ಲ ಅಂತೀರಲ್ಲ, ಹಾಗಾದ್ರೆ ಅದಲ್ಲ ಬಿಡಿ.”

ಅವಳ ಬೆರಳು ಮತ್ತೆ ಬಟನ್ನಿನ ಕಡೆ ಹೊರಟಿತು.

 ಲಿಫ್ಟ್ ಓಡಾಡುವ ಬಾವಿಯಂಥ ಗುಂಡಿಗೆ ಇಳಿದು ಕೆಲಸ ಮಾಡುವವರಲ್ಲಿ ಒಂದು ಮಾತಿದೆ: ಯಾರ ಕೈ ಎಲ್ಲಿ ಬಿದ್ದಿದೆ ಎಂದು ಕೂಗಿ ಹೇಳದೆ ಯಾರೂ ಸ್ವಿಚ್ ಹಾಕಬಾರದು. ಹೇಳದವನಿಂದಾಗಿ ಜೊತೆಯವನೊಬ್ಬ ಎರಡು ಬೆರಳು ಕಳೆದುಕೊಂಡದ್ದನ್ನು ತಾತ ಕಣ್ಣಾರೆ ಕಂಡಿದ್ದರು. ಆಮೇಲೆ ಹೊಸಬರಿಗೆಲ್ಲ ಕಿವಿ ಹಿಂಡಿ ಅದನ್ನೇ ಕಲಿಸಿದವರು, ಈಗ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಅವರ ಅಂಗೈ ತಾನಾಗಿಯೇ ಕೌಂಟರ್ ದಾಟಿ ಬಟನ್ನಿನ ಮೇಲೆ ಮುಚ್ಚಿಕೊಂಡಿತು.

“ಒತ್ಬೇಡಮ್ಮ. ನಾನೇ ಬಿಚ್ಚಿದ್ದು. ಫ್ಯಾನೂ ತೆಗ್ದಿದ್ದೆ. ಸ್ಕ್ರೂ ಎಲ್ಲಾ ಒಂದೇ ತಟ್ಟೇಲಿ ಹಾಕಿದ್ದೆ.”

ಅವಳು ಚಾರ್ಜರ್ ಕಿತ್ತಳು. “ಡಾಕ್ಟ್ರ ಹತ್ರ, ವಕೀಲ್ರ ಹತ್ರ ಸುಳ್ಳು ಹೇಳ್ಬಾರ್ದು ಅಂತಾರೆ. ನಮ್ಮನ್ನ ಯಾವಾಗ ಸೇರಿಸ್ತಾರೋ ಆ ಪಟ್ಟೀಲಿ.”

ಫ್ಯಾನಿನ ಮೂಲೆಯ ಸ್ಕ್ರೂವನ್ನು ಬಿಚ್ಚಿ, ಇನ್ನೊಂದರ ಪಕ್ಕ ನಿಲ್ಲಿಸಿ ತೋರಿಸಿದಳು. ಅದು ಹೊರಗಿನ ಮುಚ್ಚಳದ ಸ್ಕ್ರೂ, ತಲೆ ಒಂದೇ ಥರ, ಉದ್ದ ಮಾತ್ರ ಹೆಚ್ಚು. ಲಿಫ್ಟಿನ ಪ್ಯಾನೆಲ್ಲಿನಲ್ಲಿ ಎಲ್ಲ ಸ್ಕ್ರೂಗಳೂ ಒಂದೇ ಅಳತೆ. ಇಲ್ಲಿ ಬೇರೆ ಬೇರೆ ಇರಬಹುದೆಂದು ತಾತನಿಗೆ ಹೊಳೆದೇ ಇರಲಿಲ್ಲ. ಅದರ ತುದಿ ಬೋರ್ಡಿಗೆ ಚುಚ್ಚಿ, ಹಸಿರು ಬಣ್ಣ ಎದ್ದು, ಒಳಗಿನ ತಾಮ್ರ ಮಿನುಗುತ್ತಿತ್ತು.

ಅವಳು ಗಾಯವನ್ನು ಒರೆಸಿ, ಅದರ ಮೇಲೊಂದು ಹನಿ ಅಂಟು ಬಿಟ್ಟು, ಸರಿಯಾದ ಸ್ಕ್ರೂ ಹಾಕಿ, ಬ್ಯಾಟರಿ, ಚಾರ್ಜರ್ ಮತ್ತೆ ಜೋಡಿಸಿ, ಬಟನ್ ಒತ್ತಿದಳು. ಪ್ರತಿ ಸಲ ಆರುತ್ತಿದ್ದ ಗಳಿಗೆ ಬಂತು. ತಾತ ಕಣ್ಣು ಮುಚ್ಚಿ ಕಿವಿಯಲ್ಲೇ ನೋಡಿದರು. ಫ್ಯಾನ್ ತಿರುಗುತ್ತಲೇ ಇತ್ತು. ಕಣ್ಣು ಬಿಟ್ಟರೆ ಪರದೆ ಬೆಳಗಿತ್ತು, ಪಾಸ್‌ವರ್ಡ್ ಕೇಳುತ್ತಿತ್ತು. ಅದು ಗೊತ್ತಿದ್ದವಳು ಸೊಸೆ ಒಬ್ಬಳೇ.

“ಒಳಗಿರೋದು ಉಳಿದಿದ್ಯೋ ಇಲ್ವೋ ನಂಗೊತ್ತಿಲ್ಲ,” ಎಂದಳು ಅಂಗಡಿಯವಳು. ಬೋರ್ಡು ಈಗ ನಡೆದರೂ ಯಾವ ಹೊತ್ತಿಗೆ ನಿಲ್ಲುತ್ತದೋ ಹೇಳಲಾಗದು, ಆಫ್ ಮಾಡದೆ ಇವತ್ತೇ ಎಲ್ಲ ಕಾಪಿ ಮಾಡಿಕೊಳ್ಳಿ ಎಂದೂ ಸೇರಿಸಿದಳು.

ತಾತ ಸೊಸೆಗೆ ಫೋನ್ ಹಚ್ಚಿದರು. ಬಿಚ್ಚಿದ್ದು, ಕೆಡಿಸಿದ್ದು, ಸುಳ್ಳು ಹೇಳಿದ್ದು, ಯಾವುದನ್ನೂ ಬಿಡದೆ ಹೇಳಿ ಮುಗಿಸಿದರು.  ಆ ಕಡೆಯಿಂದ ಬಂದದ್ದು ಒಂದೇ ಮಾತು: ಅಂಗಡಿ ಎಲ್ಲಿ?

ಸೊಸೆ ಒಂದು ಕೆನ್ನೆ ಊದಿಸಿಕೊಂಡು ಬಂದಳು. ಮಾವನ ಮುಖ ನೋಡದೆ ಪಾಸ್‌ವರ್ಡ್ ಹೊಡೆದಳು. ಅಧ್ಯಾಯಗಳು ಒಂದರ ಕೆಳಗೊಂದು ಕಂಡವು. ಪೆನ್‌ಡ್ರೈವ್ ಚುಚ್ಚಿದಳು. ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳುತ್ತಿದ್ದರೆ ಮೂವರೂ ಅದನ್ನೇ ನೋಡುತ್ತಾ ನಿಂತಿದ್ದರು. ನಡುವೆ ಒಮ್ಮೆ ಪರದೆ ಮಿಣುಕಿತು, ಅವಳ ಕೈ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ತಾತನಿಗೆ ಕೆಮ್ಮು ಒತ್ತರಿಸಿ ಬಂತು, ನುಂಗಿದರು.

ಪಟ್ಟಿ ತುಂಬಿತು. ಅವಳು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ನಿಧಾನವಾಗಿ ಉಸಿರು ಬಿಟ್ಟಳು. ಆಮೇಲೆ ಅಂಗಡಿಯವಳನ್ನು ಬೋರ್ಡ್ ಗತಿ ಏನೆಂದು ಕೇಳಿದಳು. ಸೂಕ್ಷ್ಮದರ್ಶಕದಡಿ ಇಟ್ಟು ಗಾಯ ಪೂರ್ತಿ ನೋಡಬೇಕು, ಮುಂದಿನ ವಾರ ತಂದರೆ ಎದುರಿಗೇ ಕೂತು ಮಾಡಿಕೊಡುತ್ತೇನೆ ಎಂದಳು ಅಂಗಡಿಯವಳು.

“ನೀನೇ ತಗೊಂಡ್ಬಾರಮ್ಮ. ನಾನು ಇನ್ನು ಇದನ್ನ ಮುಟ್ಟಲ್ಲ,” ಎಂದರು ತಾತ, ನೆಲ ನೋಡುತ್ತಾ.

“ಮುಟ್ಟದೇ ಇರೋದೇನೂ ಬೇಡ,” ಎಂದಳು ಸೊಸೆ, ಅರ್ಧ ತುಟಿ ಮರಗಟ್ಟಿದ್ದರಿಂದ ಮಾತು ಜಾರುತ್ತಿತ್ತು. “ಕೇಳದೇ ಮುಟ್ಟಬೇಡಿ, ಅಷ್ಟೇ. ಬುಧವಾರ ಬೆಳಿಗ್ಗೆ ಬರೋಣ ಮಾವ, ಇಬ್ರೂ. ಅಲ್ಲೀವರೆಗೂ ಇದು ಬದುಕಿದ್ರೆ.”